ಬೆಸುಗೆ ಯಾರ ಕೈಗೆ?

ಕೆಟ್ಟುಹೋದ ವಸ್ತುವನ್ನು ತಾನೇ ಸರಿಪಡಿಸಬೇಕೆಂಬ ಹಂಬಲ ಮಾನವನಿಗೆ ಸಹಜವಾದುದು. ಅದು ಆಟದ ಯಂತ್ರವಾದರಂತೂ, ದುರಸ್ತಿಗಾರನ ಅಂಗಡಿಯವರೆಗೆ ಹೋಗುವಷ್ಟು ತಾಳ್ಮೆಯೂ ಅದರ ಒಡೆಯನಾದ ಬಾಲಕನಿಗೆ ಇರುವುದಿಲ್ಲ. ಈ ಹಂಬಲವನ್ನು ತಪ್ಪೆನ್ನಲಾಗದು. ಆದರೆ ನಿಂತ ಯಂತ್ರ ಮತ್ತೆ ನಡೆಯಿತೆಂಬ ಮಾತ್ರಕ್ಕೆ ಅದು ದುರಸ್ತಿಯಾಯಿತೆಂದು ತಿಳಿಯುವುದು ದೊಡ್ಡ ಭ್ರಮೆ.

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರದ ಕಥೆ ಇದಕ್ಕೆ ನಿದರ್ಶನವಾಗಿದೆ. 2005ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರಗಳಲ್ಲಿ ಬಹಳಷ್ಟು ಅಕಾಲದಲ್ಲಿಯೇ ನಿಂತುಹೋದವು. ಮುಂಭಾಗದ ಗುಂಡಿಯ ಸುತ್ತ ಮೂರು ಕೆಂಪು ದೀಪಗಳು ಮಿನುಗಿದರೆ ಯಂತ್ರದ ಆಯುಸ್ಸು ಮುಗಿಯಿತೆಂದೇ ಅರ್ಥ. 2007ರ ಜುಲೈನಲ್ಲಿ ಸಂಸ್ಥೆಯು ಈ ದೋಷಕ್ಕೆ ಮೂರು ವರ್ಷಗಳ ಖಾತರಿಯನ್ನು ಘೋಷಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಮಿಕ್ಕಿದ ಹಣವನ್ನು ತೆಗೆದಿರಿಸಬೇಕಾಯಿತು.

ಚಿತ್ರಗಳನ್ನು ಮೂಡಿಸುವ ಚಿಪ್‌ನ ಕೆಳಗಿರುವ ಬೆಸುಗೆಯ ಗುಂಡುಗಳು ಬಿರುಕು ಬಿಟ್ಟಿವೆ ಎಂಬುದು ಅಂದಿನ ಜನರ ನಂಬಿಕೆ. ತಾವೇ ಸರಿಪಡಿಸಲು ಹೊರಟವರಲ್ಲಿ ಅನೇಕರು ಯಂತ್ರವನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ಗಾಳಿಯಾಡದಂತೆ ಮಾಡಿ ಚಾಲನೆಯಲ್ಲಿಟ್ಟರು! ತನ್ನ ಕಾವಿನಿಂದಲೇ ಬೆಸುಗೆ ಕರಗಿ ಕೂಡಿಕೊಳ್ಳಲಿ ಎಂಬುದು ಅವರ ಎಣಿಕೆ. ಬೆಂಕಿಯ ಭಯವನ್ನೂ ಅವರು ಲೆಕ್ಕಿಸಲಿಲ್ಲ. ಸೋಜಿಗವೆಂದರೆ, ಕೆಲವು ಯಂತ್ರಗಳು ನಿಜವಾಗಿಯೂ ಎದ್ದು ಕುಳಿತವು. ಆದರೆ ತವರ-ಸೀಸಗಳ ಹಳೆಯ ಬೆಸುಗೆ ಕರಗಲು 183 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಸೀಸವು ವಿಷವೆಂದು ಅದನ್ನು ಕೈಬಿಟ್ಟು ಬಳಕೆಗೆ ತಂದ ತವರ, ಬೆಳ್ಳಿ, ತಾಮ್ರಗಳ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಟವೆಲ್ಲಿನೊಳಗಿನ ಕಾವು ಅಷ್ಟಕ್ಕೆ ಏರುವುದಿಲ್ಲ. ಬಿಸಿಗೆ ಹಿಗ್ಗಿದ ಭಾಗಗಳು ಒಂದನ್ನೊಂದು ತಾಗಿರಬೇಕು, ಅಷ್ಟೇ. ಕೆಲವು ದಿನಗಳಲ್ಲಿ ಕೆಂಪು ದೀಪಗಳು ಮತ್ತೆ ಕಾಣಿಸಿಕೊಂಡವು.

ಹಾಗಾದರೆ ವೃತ್ತಿಯವರ ಕೆಲಸ ನಿರ್ದೋಷವಾಗಿತ್ತೇ? ಅವರು ಬಿಸಿಗಾಳಿಯ ಯಂತ್ರದಿಂದ ಚಿಪ್ಪನ್ನು ಎಬ್ಬಿಸಿ, ಹಳೆಯ ಬೆಸುಗೆಯನ್ನು ಒರೆಸಿ, ನೂರಾರು ಹೊಸ ಗುಂಡುಗಳನ್ನು ಕೂರಿಸುತ್ತಿದ್ದರು. ಸಾಮಾನ್ಯನ ಬೆಸುಗೆ ಕಡ್ಡಿ ಅಲ್ಲಿಗೆ ತಲುಪುವುದೇ ಇಲ್ಲ. ಕೌಶಲವೇನೋ ಮೆಚ್ಚತಕ್ಕದ್ದೇ. ಆದರೆ 2021ರಲ್ಲಿ ಸಂಸ್ಥೆಯೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಬೇರೆಯೇ ವಿವರಣೆ ದೊರೆಯಿತು: ಪದೇ ಪದೇ ಕಾದು ತಣಿದುದರಿಂದ ಮುರಿದದ್ದು ಬಿಡಿಭಾಗದ ಒಳಗಿನ ಸಂಪರ್ಕಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು! ಅಂತಹ ದೋಷಕ್ಕೆ ಚಿಪ್ಪನ್ನೇ ಬದಲಿಸುವುದೊಂದೇ ತಕ್ಕ ಉಪಾಯ. ಆದ್ದರಿಂದ ಹಣ ಪಡೆಯುವ ದುರಸ್ತಿಗಾರನು ಮೊದಲು ತೋರಬೇಕಾದುದು ಕೈಚಳಕವನ್ನಲ್ಲ, ದೋಷ ಎಲ್ಲಿದೆ ಎಂಬುದನ್ನು.

ದೋಷ ಕಣ್ಣಿಗೆ ಕಾಣುವಂತಿದ್ದು, ಬೆಸುಗೆಯ ತಾಣಕ್ಕೆ ಕಡ್ಡಿ ತಲುಪುವಂತಿದ್ದರೆ ಕಲಿಯುವವನನ್ನು ತಡೆಯಲು ಕಾರಣವಿಲ್ಲ. 1989ರಲ್ಲಿ ಬಂದ ಗೇಮ್ ಬಾಯ್ ಯಂತ್ರದ ಹಲವು ಕಾರ್ಟ್ರಿಜ್‌ಗಳಲ್ಲಿ, ಆಟಗಾರನ ಸಾಧನೆಯನ್ನು ನೆನಪಿನಲ್ಲಿಡಲು ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಅದು ಬರಿದಾದಾಗ ಎರಡೇ ಎರಡು ಬೆಸುಗೆಗಳನ್ನು ಬಿಡಿಸಿ ಹೊಸದನ್ನು ಕೂರಿಸಬಹುದು. ಬ್ಯಾಟರಿಯ ಮೈಗೆ ನೇರವಾಗಿ ಕಡ್ಡಿಯನ್ನು ತಾಗಿಸಿದರೆ ಅದು ಸಿಡಿಯುವ ಅಪಾಯವುಂಟು. ತಗಡಿನ ಕಾಲುಗಳನ್ನು ಮೊದಲೇ ಜೋಡಿಸಿದ ಬ್ಯಾಟರಿಗಳು ದೊರೆಯುತ್ತವೆ, ಅವನ್ನೇ ಕೊಳ್ಳಬೇಕು. ಕಿಟಕಿ ತೆರೆದಿರಬೇಕು, ಹೊಗೆ ಮುಖಕ್ಕೆ ಬರಬಾರದು, ಕೆಲಸದ ಬಳಿಕ ಕೈ ತೊಳೆಯಬೇಕು. ಹಳೆಯ ಬ್ಯಾಟರಿಯನ್ನು ತೆಗೆದೊಡನೆ ಅಳಿದುಳಿದ ಸಾಧನೆಯೂ ಅಳಿಸಿಹೋಗುತ್ತದೆ. ಅದನ್ನು ಹುಡುಗನಿಗೆ ಮುಂಚೆಯೇ ಹೇಳಿಡುವುದು ಒಳ್ಳೆಯದು.