ಬ್ರೆಡ್ಡು ಜ್ವರದ ಊಟ ಅಲ್ಲ ಕಣ್ರೀ! (ನೈಟ್ ಡ್ಯೂಟಿ ಮಾತು – 17)

ಹೋದ ವಾರ ಡ್ಯೂಟಿ ಮುಗಿಸಿ ಬಂದು ತಿಂಡಿ ತಟ್ಟೆಯ ಫೋಟೋ ಹಾಕಿದ್ದೆ. ಎರಡು ಸ್ಲೈಸ್ ಬ್ರೆಡ್ಡು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಫಿ. ಅಷ್ಟೇ. ಬಂದ ಕಾಮೆಂಟುಗಳು ನೋಡಿ. "ಯಾಕೆ ಪುಟ್ಟಿ, ಹುಷಾರಿಲ್ವಾ?" ಅಂತ ಚಿಕ್ಕಮ್ಮ. "ಪಾಪ, ಅಲ್ಲಿ ಬಿಸಿ ಬಿಸಿ ಮಾಡಿ ಹಾಕೋರು ಯಾರಿದಾರೆ" ಅಂತ ಸೋದರತ್ತೆ. "ಅಷ್ಟು ಡಾಲರ್ ದುಡಿದು ತಿನ್ನೋದು ಬ್ರೆಡ್ಡಾ?" ಅಂತ ನನ್ನ ಜೊತೆ ಹೈಸ್ಕೂಲಲ್ಲಿ ಓದಿದ ಒಬ್ಬ ಮಹಾಶಯ.

ಇವತ್ತು ಜಗಳಕ್ಕೇ ಬಂದಿದೀನಿ. ಕೂತ್ಕೊಳ್ಳಿ.

ನಮ್ಮೂರಲ್ಲಿ ಬ್ರೆಡ್ಡು ಮನೆಗೆ ಬರೋದು ಎರಡೇ ಸಲ. ಯಾರಿಗಾದ್ರೂ ಜ್ವರ ಬಂದಾಗ, ಇಲ್ಲಾ ಆಸ್ಪತ್ರೆಯಲ್ಲಿ ಮಲಗಿರೋರನ್ನ ನೋಡೋಕೆ ಹೋಗುವಾಗ. ಒಂದು ಪೌಂಡ್ ಬ್ರೆಡ್ಡು, ಅರ್ಧ ಡಜನ್ ಮೂಸಂಬಿ. ಹಾಲಿಗೆ ಅದ್ದಿ, ಮೆತ್ತಗೆ ಮಾಡಿ ಬಾಯಿಗಿಡೋದು. ಚೆನ್ನಾಗಿರೋರು ಬ್ರೆಡ್ ತಿಂದ್ರೆ ಅಪಶಕುನ ಅನ್ನೋ ಹಾಗೆ ನೋಡ್ತೀವಿ.

ಹೀಗನ್ನೋರು ಬೇರೆ ಊರವರಾಗಿದ್ರೆ ಸುಮ್ನಿರ್ತಿದ್ದೆ. ಹಾಸನದವರು ನಾವು! ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ತಿರುಮಲಾಚಾರ್ ನಮ್ಮ ಹಾಸನದ ಕಡೆಯವರು. ಆಮೇಲೆ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಯಿಂದ ಹೋದವರು ಊರೂರಲ್ಲಿ ಅಯ್ಯಂಗಾರ್ ಬೇಕರಿ ಬೋರ್ಡು ಹಾಕಿದ್ರು. ನಾಡಿಗೆಲ್ಲಾ ಬ್ರೆಡ್ಡು ಕೊಟ್ಟ ಜಿಲ್ಲೆಯವರೇ ಅದನ್ನ ಮಾತ್ರೆ ಸಾಲಲ್ಲಿ ಇಟ್ಟಿದೀವಿ. ನಾಚಿಕೆ ಆಗಬೇಕು.

ನೆನಪು ಮಾಡ್ಕೊಳ್ಳಿ. ಬಸ್ ಸ್ಟ್ಯಾಂಡ್ ಹತ್ರದ ಬೇಕರಿಯಲ್ಲಿ ಸಾಯಂಕಾಲ ನಾಲ್ಕಕ್ಕೆ ಒಲೆಯಿಂದ ಟ್ರೇ ಇಳೀತಿತ್ತು. ವಾಸನೆ ರಸ್ತೆ ದಾಟಿ ಬರ್ತಿತ್ತು. "ಸ್ಲೈಸ್ ಮಾಡ್ಕೊಡಿ" ಅಂದ್ರೆ "ಬಿಸಿ ಐತೆ ಕಣಮ್ಮ, ಕುಯ್ದರೆ ಮುದ್ದೆ ಆಯ್ತದೆ" ಅಂತಿದ್ರು. ಅಪ್ಪ ಸೈಕಲ್ ನಿಲ್ಲಿಸಿ, ಪೇಪರಲ್ಲಿ ಸುತ್ತಿದ ಬ್ರೆಡ್ಡಿನ ತುದಿ ಮುರಿದು ನನಗೊಂದು ಚೂರು, ಅವರಿಗೊಂದು ಚೂರು. ಮನೆಗೆ ಬರೋ ಹೊತ್ತಿಗೆ ಅರ್ಧ ಖಾಲಿ. ಅಮ್ಮ ಬೈಯೋರು. ಆಗ ನಮಗ್ಯಾರಿಗೂ ಜ್ವರ ಇರ್ಲಿಲ್ಲ.

ಈಗ ಇಲ್ಲಿಯ ಮಾತು. ಷಿಕಾಗೋದಲ್ಲಿ ನಾವು ಬೇಳೆ, ಕರಿಬೇವು ತರೋಕೆ ಹೋಗೋದು ಡೆವನ್ ಅವೆನ್ಯೂಗೆ. ಅದೇ ರಸ್ತೆಯಲ್ಲಿ ಜಾರ್ಜಿಯಾ ದೇಶದವರ ಬೇಕರಿ ಒಂದನ್ನ ನೋಡಿದೆ. ಬಾವಿ ಥರ ದುಂಡಗಿನ ಒಲೆ. ಹಿಟ್ಟನ್ನ ಅದರ ಒಳಗೋಡೆಗೆ ಬಡಿದು ಅಂಟಿಸ್ತಾರೆ, ಬೆಂದ ಮೇಲೆ ಕೊಕ್ಕೆ ಹಾಕಿ ಎಳೀತಾರೆ. ಕಾರಲ್ಲಿ ಕೂತು ಬರೀ ಬ್ರೆಡ್ಡೇ ತಿಂದು ಮುಗಿಸಿದೆ, ಚಟ್ನಿ ಬೇಡ, ಜಾಮ್ ಬೇಡ.

ತಂಗಿ ಮನೆ ಡೆಟ್ರಾಯಿಟ್ ಹತ್ರ, ಕ್ಯಾಂಟನ್‌ನಲ್ಲಿ. ಅಲ್ಲಿಗೆ ಹೋದ್ರೆ ಡಿಯರ್‌ಬಾರ್ನ್‌ನ ಅರಬ್ಬರ ಬೇಕರಿಗೆ ಹೋಗ್ಲೇಬೇಕು. ನಮ್ಮ ಪೂರಿ ಉಬ್ಬೋ ಹಾಗೆ ಉಬ್ಬಿದ ರೊಟ್ಟಿ ಕೈಗೆ ಬರುತ್ತೆ. ಇನ್ನೊಂದು, ಆ ಕಡೆಯವರು ಮೆರೆಸೋ ರೈ ಬ್ರೆಡ್ಡು. ರೈ ಅಂದ್ರೆ ಚಳಿ ದೇಶದ ರಾಗಿ ಅನ್ಕೊಳ್ಳಿ, ಬಡವರ ಧಾನ್ಯ. ಅದನ್ನ ಒಂದು ಸಲ ಬೇಯಿಸಿ, ಆರಿಸಿ, ತಿನ್ನೋ ಮುಂಚೆ ಮತ್ತೊಂದು ಸಲ ಒಲೆಗೆ ಹಾಕ್ತಾರೆ. ಮೇಲ್ಗಡೆ ಕರಕರ, ಒಳಗೆ ಮೆತ್ತಗೆ, ಸ್ವಲ್ಪ ಹುಳಿ. ಇದನ್ನ ತಿನ್ನೋಳಿಗೆ "ಪಾಪ" ಅಂತೀರಾ?

"ಕಟ್ ಮಾಡಿದ ಪ್ಯಾಕೆಟ್ ಬ್ರೆಡ್ಡು ಸೋಮಾರಿಗಳಿಗೆ" ಅನ್ನೋರೂ ಇದಾರೆ. ಮಿಸೂರಿಯ ಚಿಲಿಕಾತಿ ಊರಲ್ಲಿ 1928ರ ಜುಲೈ 7ಕ್ಕೆ ಮೊದಲು ಮೆಷಿನ್ನಲ್ಲಿ ಸ್ಲೈಸ್ ಮಾಡಿದ ಬ್ರೆಡ್ಡು ಮಾರಿದ್ರು. ಯುದ್ಧದ ಕಾಲ, 1943ರ ಜನವರಿಯಲ್ಲಿ ಸರ್ಕಾರ ಸ್ಲೈಸ್ ಮಾಡೋದನ್ನ ನಿಲ್ಲಿಸ್ತು. ಹೆಂಗಸರು ಎಷ್ಟು ಗಲಾಟೆ ಮಾಡಿದ್ರು ಅಂದ್ರೆ ಮಾರ್ಚ್‌ನಲ್ಲಿ ವಾಪಸ್ ತಗೊಂಡ್ರು. ಬೆಳಿಗ್ಗೆ ಏಳಕ್ಕೆ ಮಕ್ಕಳ ಡಬ್ಬಿ ಕಟ್ಟೋರಿಗೆ ಗೊತ್ತು ಅದರ ಬೆಲೆ. ಹನ್ನೆರಡು ಗಂಟೆ ನಿಂತು ಬಂದ ನನಗೂ ಗೊತ್ತು.

ಇನ್ನು ವಾಟ್ಸಾಪಲ್ಲಿ "ಮೈದಾ ವಿಷ" ಅಂತ ಕಳಿಸೋ ಅಣ್ಣಂದಿರೇ, ಸಕ್ಕರೆ ಕಾಯಿಲೆ ಇರೋರು ಬಿಳಿ ಬ್ರೆಡ್ಡನ್ನ ಅಳತೆಯಲ್ಲಿ ತಿನ್ನಬೇಕು, ನಿಜ. ಬಿಳಿ ಅನ್ನಾನೂ ಅಷ್ಟೇ! ಎರಡನೇ ಸಲ ಸಾರನ್ನ ಹಾಕ್ಕೊಳ್ತಾ ಮೈದಾ ಬೈಬೇಡಿ. ಇಲ್ಲಿ 1998ರಿಂದ ಎನ್‌ರಿಚ್ಡ್ ಹಿಟ್ಟಿಗೆ ಫೋಲಿಕ್ ಆಸಿಡ್ ಸೇರಿಸಲೇಬೇಕು ಅಂತ ನಿಯಮ. ಬೆನ್ನುಹುರಿ ದೋಷ ಇರೋ ಮಕ್ಕಳು ಹುಟ್ಟೋದು ಅದರಿಂದ ಕಡಿಮೆ ಆಯ್ತು. ಅದೇ ಬ್ರೆಡ್ಡಿಂದ.

ಈಗ ನಿಜವಾದ ಮಾತಿಗೆ ಬರ್ತೀನಿ. ಅಪ್ಪ ಹೋಗಿ ಈ ಕಾರ್ತೀಕಕ್ಕೆ ಆರು ವರ್ಷ. ನಾನು ಇಲ್ಲಿಂದ ಬಂದು ಆಸ್ಪತ್ರೆ ತಲುಪಿದಾಗ ಮಂಚದ ಪಕ್ಕದ ಸ್ಟೂಲ್ ಮೇಲೆ ಏಳು ಪೌಂಡ್ ಬ್ರೆಡ್ಡಿತ್ತು. ನೋಡೋಕೆ ಬಂದವರೆಲ್ಲಾ ಪ್ರೀತಿಯಿಂದಲೇ ತಂದಿದ್ದು, ನಿಮ್ಮಲ್ಲೂ ಕೆಲವರು. ಹಾಲಲ್ಲಿ ನೆನೆಸಿ ಕೊಟ್ರೆ ಅಪ್ಪ ಮುಖ ತಿರುಗಿಸೋರು. "ಇದನ್ನ ಕೊಡ್ತಿದೀರಿ ಅಂದ್ರೆ ನಾನು ಏಳಲ್ಲ ಅಂತ ಅರ್ಥ" ಅಂದ್ರು. ಸೈಕಲ್ ಮೇಲೆ ನಿಂತು ತಿಂದ ಮನುಷ್ಯ.

ನುಂಗೋಕೆ ತೊಂದರೆ ಇಲ್ಲ ಅಂತ ಡಾಕ್ಟ್ರನ್ನ ಕೇಳ್ಕೊಂಡೆ. ನಾಲ್ಕು ಗಂಟೆಗೆ ಅದೇ ಬೇಕರಿಗೆ ಹೋಗಿ ಬಿಸಿದು ತಂದೆ. ತುದಿ ಮುರಿದು ಬೆಣ್ಣೆ ಹಚ್ಚಿ ಕೈಗೆ ಕೊಟ್ಟೆ. ಅವರೇ ಹಿಡ್ಕೊಂಡು ತಿಂದ್ರು, ಪೂರ್ತಿ ಅಲ್ಲ, ಅರ್ಧ. ಇನ್ನರ್ಧ ನನ್ನ ಕಡೆ ಚಾಚಿದ್ರು.

ವಾಸಿ ಆಗ್ಲಿಲ್ಲ. ಬ್ರೆಡ್ಡು ಔಷಧಿ ಅಲ್ಲ ಅಂತಾನೇ ನಾನು ಹೇಳ್ತಿರೋದು.

ಅದಕ್ಕೇ ಕೇಳ್ತೀನಿ. ಆಸ್ಪತ್ರೆಗೆ ಹೋಗುವಾಗ ಅಭ್ಯಾಸಕ್ಕೆ ಬ್ರೆಡ್ ಪ್ಯಾಕೆಟ್ ತಗೊಂಡು ಹೋಗ್ಬೇಡಿ. ಏನು ಕೊಡಬಹುದು ಅಂತ ನರ್ಸನ್ನ ಕೇಳಿ, ಏನು ಬೇಕು ಅಂತ ಮಲಗಿರೋರನ್ನ ಕೇಳಿ. ಬ್ರೆಡ್ಡನ್ನ ಗಟ್ಟಿಮುಟ್ಟಾಗಿ ಇರುವಾಗ ತಿನ್ನಿ, ಬಿಸಿಯಿರುವಾಗ ತಿನ್ನಿ, ಮಕ್ಕಳ ಜೊತೆ ಮುರಿದು ತಿನ್ನಿ. ಉಳಿದ್ರೆ ಫ್ರಿಜ್ಜಲ್ಲಿ ಇಡಬೇಡಿ, ಅಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತೆ. ಮಾರನೇ ದಿನ ಹೆಂಚಿನ ಮೇಲೆ ತುಪ್ಪ ಹಾಕಿ ಸುಡಿ.

ಚಿಕ್ಕಮ್ಮಾ, ನಾನು ಹುಷಾರಾಗಿದೀನಿ. ಬ್ರೆಡ್ ತಿಂತಿದೀನಿ.

ನಿಮ್ಮ ಬೇಕರಿಯಲ್ಲಿ ಟ್ರೇ ಎಷ್ಟು ಗಂಟೆಗೆ ಇಳಿಯುತ್ತೆ ಅಂತ ಕೆಳಗೆ ಬರೀರಿ. ಡಿಸೆಂಬರಲ್ಲಿ ಬರ್ತಿದೀನಿ, ನಾಲ್ಕಕ್ಕೆ ಯಾರು ಯಾರು ಬರ್ತೀರಾ?