ಖಾಲಿ ಮೈಕು

‘ನಾವು ಲೀಗಲ್ಲಾಗಿ ಬಂದವರು ಕಣ್ರೀ, ಇದೆಲ್ಲ ನಮಗಲ್ಲ.’ ಟೆಕ್ಸಸ್‌ನಲ್ಲಿ ಗಡಿ ಕಾನೂನಿನ ಸುದ್ದಿ ಎದ್ದಾಗಲೆಲ್ಲ ಫ್ರಿಸ್ಕೊ, ಶುಗರ್ ಲ್ಯಾಂಡ್, ಸೀಡರ್ ಪಾರ್ಕ್‌ಗಳ ಕನ್ನಡದ ಮನೆಗಳಲ್ಲಿ ಕೇಳಿಬರುವ ಮಾತಿದು. ಹೇಳುವವರು ಹದಿನೈದು ಇಪ್ಪತ್ತು ವರ್ಷ ಫೈಲು ಕಾಪಾಡಿಕೊಂಡು, ವಕೀಲರಿಗೆ ದುಡ್ಡು ಸುರಿದು ಪೌರತ್ವ ಪಡೆದವರು. ಅವರ ಹೆಮ್ಮೆಗೆ ಕಾರಣವಿದೆ. ಆದರೆ ಆ ಪೌರತ್ವವನ್ನು ಅಜ್ಜಿಯ ಒಡವೆಯ ಹಾಗೆ ಲಾಕರಿನಲ್ಲಿಟ್ಟು, ವಿಮಾನ ನಿಲ್ದಾಣದಲ್ಲಿ ಚಿಕ್ಕ ಸಾಲು ಸಿಗಲೆಂದು ಮಾತ್ರ ಹೊರತೆಗೆಯುವವರಿಗೆ ಹೆಮ್ಮೆಪಡುವ ಹಕ್ಕು ಎಲ್ಲಿಂದ ಬಂತು?

ಅಲಬಾಮಾದಲ್ಲೂ ಹೀಗೇ ನಂಬಿದ್ದರು. 2011ರಲ್ಲಿ ಆ ರಾಜ್ಯ ಎಚ್‌ಬಿ 56 ಎಂಬ ವಲಸೆ ಕಾನೂನು ತಂದಾಗ ಅದರ ಗುರಿ ಕಾಗದಪತ್ರವಿಲ್ಲದ ಕೂಲಿಕಾರರು ಎಂದೇ ಎಲ್ಲರ ಲೆಕ್ಕ. ಆ ನವೆಂಬರ್‌ನಲ್ಲಿ ಟಸ್ಕಲೂಸಾದ ಪೊಲೀಸರು ಒಂದು ಬಾಡಿಗೆ ಕಾರು ನಿಲ್ಲಿಸಿದರು. ಓಡಿಸುತ್ತಿದ್ದವನ ಹತ್ತಿರ ಇದ್ದದ್ದು ಜರ್ಮನಿಯ ಗುರುತಿನ ಚೀಟಿ ಮಾತ್ರ; ಹಿಡಿದುಕೊಂಡು ಹೋದರು. ನೋಡಿದರೆ ಆತ ಮರ್ಸಿಡಿಸ್-ಬೆಂಜ್‌ನ ಅಧಿಕಾರಿ. ಆ ಕಂಪನಿ ತಮ್ಮಲ್ಲಿ ಕಾರ್ಖಾನೆ ಹಾಕಲೆಂದು ಅದೇ ರಾಜ್ಯ ಹಿಂದೊಮ್ಮೆ ಭಾರಿ ರಿಯಾಯಿತಿ ಕೊಟ್ಟು ಕರೆತಂದಿತ್ತು. ಸ್ವಲ್ಪ ದಿನಕ್ಕೇ ಹೋಂಡಾದ ಜಪಾನಿ ನೌಕರನೊಬ್ಬನಿಗೂ ಅದೇ ಕಾನೂನಿನಡಿ ಟಿಕೆಟ್ ಬರೆದರು. ರಸ್ತೆಯಲ್ಲಿ ಕಾರು ತಡೆದ ಪೊಲೀಸನಿಗೆ ನಿಮ್ಮ ಗ್ರೀನ್ ಕಾರ್ಡಿನ ಐ-140 ಅರ್ಜಿ ಯಾವ ವರ್ಷ ಅಪ್ರೂವ್ ಆಯಿತೆಂದು ಗೊತ್ತಿರುವುದಿಲ್ಲ. ಹದಿನೆಂಟು ದಾಟಿದ ಪ್ರತಿ ವಿದೇಶೀಯನೂ ತನ್ನ ನೋಂದಣಿ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕೆಂಬ ಫೆಡರಲ್ ನಿಯಮ ದಶಕಗಳಿಂದ ಇದೆ. ಆರು ತಿಂಗಳಿಗೆಂದು ಬಂದ ನಿಮ್ಮ ಅಪ್ಪ ಬೆಳಿಗ್ಗೆ ವಾಕಿಂಗ್ ಹೊರಟಾಗ ಜೇಬಿನಲ್ಲಿ ಏನಿರುತ್ತದೆ? ಮನೆಯ ಬೀಗದ ಕೈ, ಎರಡು ಏಲಕ್ಕಿ.

ಟೆಕ್ಸಸ್ ಈ ವಿಷಯದಲ್ಲಿ ಅಲಬಾಮಾಕ್ಕಿಂತ ಎಷ್ಟೋ ಮುಂದೆ ಹೋಗಿದೆ. 2017ರ ಎಸ್‌ಬಿ 4, ವಲಸೆ ಅಧಿಕಾರಿಗಳಿಗೆ ಸಹಕರಿಸದ ನಗರ, ಕೌಂಟಿಗಳಿಗೆ ದಂಡ ಹಾಕಿತು. ತಡೆದು ನಿಲ್ಲಿಸಿದವರ ವಲಸೆ ಸ್ಥಿತಿ ವಿಚಾರಿಸುವ ಪೊಲೀಸನನ್ನು ಮೇಲಧಿಕಾರಿ ತಡೆಯುವಂತಿಲ್ಲ ಎಂದಿತು. 2023ರ ಡಿಸೆಂಬರ್ 18ರಂದು ರಾಜ್ಯಪಾಲ ಗ್ರೆಗ್ ಅಬಟ್ ಬ್ರೌನ್ಸ್‌ವಿಲ್‌ನಲ್ಲಿ ಸಹಿ ಹಾಕಿದ ಇನ್ನೊಂದು ಎಸ್‌ಬಿ 4, ಅಕ್ರಮವಾಗಿ ಗಡಿ ದಾಟುವುದನ್ನೇ ರಾಜ್ಯದ ಅಪರಾಧವನ್ನಾಗಿ ಮಾಡಿತು. ಮೊದಲ ಸಲ ಸಿಕ್ಕಿದರೆ ಆರು ತಿಂಗಳವರೆಗೆ ಜೈಲು, ಮತ್ತೆ ಬಂದರೆ ಕೆಲವು ಪ್ರಸಂಗಗಳಲ್ಲಿ ಇಪ್ಪತ್ತು ವರ್ಷದವರೆಗೆ. ಅದು ಬರೀ ರಿಯೋ ಗ್ರಾಂಡೆ ದಂಡೆಯ ಕಾನೂನಲ್ಲ. ಶಾಲೆ, ಆಸ್ಪತ್ರೆ, ಪೂಜಾಸ್ಥಳ ಬಿಟ್ಟರೆ ಡಲ್ಲಾಸ್‌ನ ಬೀದಿಗೂ ಅನ್ವಯಿಸುವಂತೆ ಬರೆದದ್ದು. 2025ರ ಎಸ್‌ಬಿ 8, ಜೈಲು ನಡೆಸುವ ಕೌಂಟಿಗಳ ಶೆರಿಫ್‌ಗಳೆಲ್ಲ ಫೆಡರಲ್ ವಲಸೆ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕೆಂದಿತು. 2026ರ ಜನವರಿ 1ರಿಂದ ಜಾರಿ. ನಿಮ್ಮ ಕೌಂಟಿಯ ಶೆರಿಫ್ ಯಾರು, ಯಾವ ಮಾದರಿಯ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ? ನೆರೆಮನೆಯವನ ಬೇಲಿ ಎಷ್ಟಡಿ ಇರಬೇಕೆಂದು ಕಂಠಪಾಠ ಹೇಳುವವರು ಇದಕ್ಕೆ ತಡವರಿಸುತ್ತಾರೆ.

ಇನ್ನು ದುಡ್ಡು. 2021ರ ಮಾರ್ಚ್‌ನಲ್ಲಿ ಶುರುವಾದ ಗಡಿ ಕಾವಲಿನ ಆಪರೇಷನ್ ಲೋನ್ ಸ್ಟಾರ್‌ಗೆ ಟೆಕ್ಸಸ್ 1,100 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ರಾಜ್ಯದಲ್ಲಿ ಆದಾಯ ತೆರಿಗೆಯಿಲ್ಲ ಎಂದು ಕ್ಯಾಲಿಫೋರ್ನಿಯಾದ ಗೆಳೆಯರ ಮುಂದೆ ಬೀಗುತ್ತೀರಲ್ಲ, ಹಾಗಾದರೆ ಬೊಕ್ಕಸ ತುಂಬುವುದು ಹೇಗೆಂದುಕೊಂಡಿರಿ? ತೆರಿಗೆ ಆದಾಯದ ಬಹುಪಾಲು ಸೇಲ್ಸ್ ಟ್ಯಾಕ್ಸಿನಿಂದ. ಗಡಿಗೆ ಹೋದ ತಂತಿ ಬೇಲಿಯಲ್ಲಿ, ಈಗಲ್ ಪಾಸ್‌ನ ನದಿಯಲ್ಲಿ ಅಡ್ಡಗಟ್ಟಿದ ತೇಲುಗೋಳಗಳಲ್ಲಿ ನಿಮ್ಮ ಪಾಲೂ ಇದೆ. ಅದು ಒಳ್ಳೆಯ ಖರ್ಚೋ ಕೆಟ್ಟದ್ದೋ, ಒಂದು ಅಭಿಪ್ರಾಯವಾದರೂ ಬೇಡವೆ?

ಮಾತಾಡಲು ಬರುವುದಿಲ್ಲ, ಕಚೇರಿ ವ್ಯವಹಾರ ಗೊತ್ತಿಲ್ಲ ಎನ್ನುವ ನೆಪವನ್ನು ನಾನು ಒಪ್ಪುವುದಿಲ್ಲ. ಪ್ರತಿ ವಸಂತದಲ್ಲಿ ಟೆಕ್ಸಸ್‌ನ ಭಾರತೀಯ ಮನೆಗಳಲ್ಲಿ ನಡೆಯುವ ಪ್ರಾಪರ್ಟಿ ಟ್ಯಾಕ್ಸ್ ತಕರಾರನ್ನು ನೋಡಿದ್ದೇನೆ. ಮೇ 15ರ ಗಡುವು ಒಬ್ಬರಿಗೂ ತಪ್ಪುವುದಿಲ್ಲ. ಅಕ್ಕಪಕ್ಕದ ಮನೆಗಳ ಮಾರಾಟದ ಬೆಲೆ, ಛಾವಣಿಯ ಬಿರುಕಿನ ಫೋಟೊ, ಎಕ್ಸೆಲ್ ಹಾಳೆ, ಅದರ ಮೂರು ಪ್ರತಿ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಡಳಿಯ ಮುಂದೆ ಕೂತು ಎಂಥ ವಕೀಲನೂ ನಾಚುವಂತೆ ವಾದಿಸುತ್ತಾರೆ. ಮನೆಯ ಮೌಲ್ಯ ಇಪ್ಪತ್ತು ಸಾವಿರ ಡಾಲರ್ ಇಳಿದರೆ ವಾಟ್ಸ್ಯಾಪಿನಲ್ಲಿ ವಿಜಯೋತ್ಸವ. ಅಂದಮೇಲೆ ಸಾಮರ್ಥ್ಯವಿದೆ, ತಾಳ್ಮೆಯಿದೆ, ಓದುವ ಅಭ್ಯಾಸವೂ ಇದೆ. ಸ್ವಂತ ಛಾವಣಿಯಿಂದಾಚೆಗೆ ಅದನ್ನು ಬಳಸುವ ಮನಸ್ಸಿಲ್ಲ, ಅಷ್ಟೆ.

ಆಸ್ಟಿನ್‌ನ ಕ್ಯಾಪಿಟಲ್‌ನಲ್ಲಿ ಎಂದರೆ ರಾಜ್ಯದ ಶಾಸನಸಭಾ ಭವನದಲ್ಲಿ, ಮಸೂದೆಯ ಬಗ್ಗೆ ಸಾಕ್ಷಿ ಹೇಳುವುದು ಇದಕ್ಕಿಂತ ಸುಲಭ. ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ, 140 ದಿನ. ಮಸೂದೆಯ ಪೂರ್ತಿ ಪಠ್ಯ ಶಾಸನಸಭೆಯ ಜಾಲತಾಣದಲ್ಲಿ ಮೊದಲ ದಿನದಿಂದಲೇ ಇರುತ್ತದೆ. ಸಂಖ್ಯೆ ಕೊಟ್ಟಿಟ್ಟರೆ ಅದು ಅಲುಗಾಡಿದಾಗಲೆಲ್ಲ ಇಮೇಲ್ ಬರುತ್ತದೆ. ಸಮಿತಿಯ ವಿಚಾರಣೆಯ ದಿನ ಹೋಗಿ ಹೆಸರು ನೋಂದಾಯಿಸಬೇಕು: ಪರ, ವಿರೋಧ, ಇಲ್ಲವೇ ಮಸೂದೆಯ ಕುರಿತು ಸುಮ್ಮನೆ ವಿವರಣೆ. ಮಾತಾಡಲು ಎರಡು ಮೂರು ನಿಮಿಷ ಸಿಗುತ್ತದೆ. ಮಾತು ಬೇಡವೆಂದರೆ ನಿಲುವನ್ನಷ್ಟೇ ದಾಖಲಿಸಿ ಬರಬಹುದು. ಸಾಕ್ಷಿಗಳ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಪೌರನಾಗಿರಲೇಬೇಕೆಂಬ ನಿಯಮವೂ ಇಲ್ಲ. ಕಷ್ಟವಿರುವುದು ಕಾಯುವುದರಲ್ಲಿ. 2017ರ ಎಸ್‌ಬಿ 4 ಸೆನೆಟ್ ಸಮಿತಿಗೆ ಬಂದ ದಿನ ವಿಚಾರಣೆ ಹದಿನಾರು ಗಂಟೆಗೂ ಮೀರಿ ನಡೆಯಿತು. ನೂರಾರು ಜನ, ಬಹುಪಾಲು ವಿರೋಧಿಸುವವರು, ತಮ್ಮ ಸರದಿಗಾಗಿ ಕಾದರು. ಮಸೂದೆ ಆದರೂ ಪಾಸಾಯಿತು. ‘ನೋಡಿ, ಏನು ಪ್ರಯೋಜನ?’ ಎನ್ನುವವರ ಬಾಯಿಗೆ ಇದೊಂದು ಸಿಹಿ.

ಅವರಿಗೆ 2023ರ ಕಥೆ ಹೇಳಬೇಕು. ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾದ ಪ್ರಜೆಗಳು ಟೆಕ್ಸಸ್‌ನಲ್ಲಿ ಆಸ್ತಿ ಕೊಳ್ಳುವಂತಿಲ್ಲ ಎಂಬ ಎಸ್‌ಬಿ 147 ಆ ವರ್ಷ ಬಂತು. ಮೊದಲ ರೂಪದಲ್ಲಿ ಗ್ರೀನ್ ಕಾರ್ಡ್ ಇದ್ದವರಿಗೂ ವಿನಾಯಿತಿಯಿರಲಿಲ್ಲ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ನ ಚೀನೀ ಮೂಲದವರು ನಮ್ಮಂತೆಯೇ ಇಂಜಿನಿಯರುಗಳು, ಡಾಕ್ಟರುಗಳು, ರಾಜಕೀಯದ ಗಾಳಿಯೂ ಬೇಡವೆಂದು ಬದುಕಿದವರು. ಅವರು ಬೀದಿಗಿಳಿದರು, ಕ್ಯಾಪಿಟಲ್‌ನಲ್ಲಿ ಸಾಲುಗಟ್ಟಿ ಸಾಕ್ಷಿ ಹೇಳಿದರು. ಮಸೂದೆಯನ್ನು ತಿದ್ದಿ ಪೌರರನ್ನೂ ಗ್ರೀನ್ ಕಾರ್ಡ್‌ದಾರರನ್ನೂ ಹೊರಗಿಡಬೇಕಾಯಿತು. ಕೊನೆಗೆ ಅದು ಕೆಳಮನೆಯಲ್ಲಿ ಸತ್ತಿತು. 2025ರಲ್ಲಿ ಎಸ್‌ಬಿ 17 ಎಂಬ ಹೆಸರಿನಲ್ಲಿ ಮರಳಿ ಬಂದು ಪಾಸಾಯಿತು, ನಿಜ. ಆದರೆ ಮೊದಲ ಸಲ ಗಳಿಸಿದ ಆ ವಿನಾಯಿತಿಗಳು ಹೊಸ ಕಾನೂನಿನಲ್ಲೂ ಉಳಿದವು. ನಮ್ಮವರು ಓದದ ಒಂದು ಅಂಶವೂ ಅದರಲ್ಲಿದೆ: ಪಟ್ಟಿಗೆ ಬೇರೆ ದೇಶಗಳನ್ನು ಸೇರಿಸುವ ಅಧಿಕಾರವನ್ನು ಅದು ರಾಜ್ಯಪಾಲರಿಗೆ ಕೊಟ್ಟಿದೆ. ಇಂಡಿಯಾ ಅದರಲ್ಲಿ ಇಂದು ಇಲ್ಲ. ಎಂದೂ ಸೇರುವುದಿಲ್ಲ ಎಂದು ನಿಮಗೆ ಯಾರು ಬರೆದುಕೊಟ್ಟರು?

ಭೂಮಿಯ ಮಾತು ಬಂದದ್ದಕ್ಕೆ ಹಳೆಯ ಸಂಗತಿಯೊಂದು. 1913ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರಿಗೆ ಜಮೀನು ಕೊಳ್ಳುವ ಹಕ್ಕಿಲ್ಲ ಎಂಬ ಕಾನೂನು ಮಾಡಿತು. ಅದರ ಕಣ್ಣು ಜಪಾನಿಯರ ಮೇಲಿತ್ತು. ಪಂಜಾಬಿ ರೈತರು ಆಗ ನೆಮ್ಮದಿಯಾಗಿದ್ದರು. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಪೌರರಾಗಲಾರರು ಎಂದದ್ದೇ ಆ ರಾಜ್ಯ ಕಾನೂನು ಅವರ ಹೊಲಕ್ಕೂ ಕಾಲಿಟ್ಟಿತು. ಆ ತೀರ್ಪನ್ನು ದಾಟಲು ಇಪ್ಪತ್ಮೂರು ವರ್ಷ ಬೇಕಾಯಿತು. ಅಲ್ಲಿನ ಭಾರತೀಯರ ಮುಖಂಡ ಜೆ.ಜೆ. ಸಿಂಗ್ ವಾಷಿಂಗ್ಟನ್‌ನಲ್ಲಿ ಸಂಸದರ ಬಾಗಿಲು ತಟ್ಟಿದರು. ಮೆಕ್ಸಿಕೊ ಗಡಿಗೆ ಅಂಟಿಕೊಂಡ ಇಂಪೀರಿಯಲ್ ಕಣಿವೆಯ ರೈತ ದಲೀಪ್ ಸಿಂಗ್ ಸೌಂದ್ ಊರೂರಿನಲ್ಲಿ ಭಾಷಣ ಮಾಡಿದರು. 1946ರ ಲೂಸ್-ಸೆಲ್ಲರ್ ಕಾಯಿದೆ ಬಂತು: ಪೌರತ್ವದ ಹಕ್ಕು, ವರ್ಷಕ್ಕೆ ನೂರು ಜನರ ಪ್ರವೇಶ. ಸೌಂದ್ 1949ರಲ್ಲಿ ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್‌ಲ್ಯಾಂಡ್‌ನ ನ್ಯಾಯಾಧೀಶ ಸ್ಥಾನಕ್ಕೆ ನಿಂತು ಗೆದ್ದರು. ಪೌರನಾಗಿ ವರ್ಷ ತುಂಬಿಲ್ಲವೆಂದು ಆ ಗೆಲುವು ಅಸಿಂಧುವಾಯಿತು. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಕಾಂಗ್ರೆಸ್‌ಗೇ ಆರಿಸಿಬಂದರು. ನಮ್ಮಲ್ಲಿ ಎಷ್ಟೋ ಜನ ಪೌರರಾಗಿ ಹತ್ತು ವರ್ಷವಾದರೂ ಪ್ರೈಮರಿ ಚುನಾವಣೆ ಯಾವ ತಿಂಗಳೆಂದು ಕೇಳುತ್ತಾರೆ. ಮಾರ್ಚ್, ಸ್ವಾಮಿ. 2024ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ನೋಂದಾಯಿತ ಮತದಾರರ ಪೈಕಿ ಐವರಲ್ಲಿ ಒಬ್ಬರೂ ಪೂರ್ತಿ ಬರಲಿಲ್ಲ. ಯಾವ ಮಸೂದೆ ಬರೆಯುವವರು ಆಸ್ಟಿನ್‌ಗೆ ಹೋಗಬೇಕೆಂಬುದು ಬಹಳಷ್ಟು ಕ್ಷೇತ್ರಗಳಲ್ಲಿ ತೀರ್ಮಾನವಾಗುವುದು ಅಲ್ಲೇ.

‘ಕೋರ್ಟು ನೋಡಿಕೊಳ್ಳುತ್ತದೆ ಬಿಡಿ’ ಎಂಬುದು ಇನ್ನೊಂದು ಸೋಮಾರಿತನ. 2012ರಲ್ಲಿ ಅರಿಜೋನಾದ ವಲಸೆ ಕಾನೂನು ಎಸ್‌ಬಿ 1070 ಸುಪ್ರೀಂ ಕೋರ್ಟಿಗೆ ಹೋದಾಗ ಪ್ರಶ್ನೆಗೊಳಗಾದ ನಾಲ್ಕರಲ್ಲಿ ಮೂರು ಕಲಮುಗಳು ಬಿದ್ದವು. ಪೊಲೀಸರು ಕಾಗದ ಪರಿಶೀಲಿಸುವ ಕಲಮು ಉಳಿಯಿತು. 2017ರ ಎಸ್‌ಬಿ 4ರ ಬಹುಭಾಗವನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 2023ರದ್ದಂತೂ 2024ರ ಮಾರ್ಚ್ 19ರಂದು ಮಧ್ಯಾಹ್ನ ಸುಪ್ರೀಂ ಕೋರ್ಟಿನಿಂದ ಜೀವ ಪಡೆದು, ರಾತ್ರಿಯೊಳಗೆ ಕೆಳಗಿನ ಕೋರ್ಟಿನ ತಡೆಯಿಂದ ಮತ್ತೆ ನಿಂತಿತು. ಆ ಕೆಲವು ಗಂಟೆಗಳಲ್ಲಿ ರಾಜ್ಯದ ಕಾನೂನು ಏನು ಎಂಬುದು ಶೆರಿಫ್‌ಗಳಿಗೇ ಸ್ಪಷ್ಟವಿರಲಿಲ್ಲ.

ನಮ್ಮ ದೇಶದವರದ್ದೇ ಸುದ್ದಿಯಾದಾಗಲೂ ಇದೇ ಸೋಮಾರಿತನ. 2025ರ ಫೆಬ್ರುವರಿಯಲ್ಲಿ 104 ಭಾರತೀಯರಿಗೆ ಕೋಳ ತೊಡಿಸಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಕಳಿಸಿದರು. ವಿಮಾನ ಹೊರಟದ್ದು ಸ್ಯಾನ್ ಆಂಟೋನಿಯೊದಿಂದ. ಎರಡು ದಿನ ನಮ್ಮ ಗುಂಪುಗಳಲ್ಲಿ ಕೋಲಾಹಲ: ಅಯ್ಯೋ ಎಂದವರು ಕೆಲವರು, ಹಾಗೇ ಆಗಬೇಕು ಎಂದವರು ಹೆಚ್ಚು, ಗುಜರಾತ್, ಹರಿಯಾಣ, ಪಂಜಾಬಿನವರೆಂದು ನಿಟ್ಟುಸಿರು ಬಿಟ್ಟವರು ಇನ್ನೂ ಹೆಚ್ಚು. ಮೂರನೆಯ ದಿನ ದೋಸೆ ಹಿಟ್ಟಿನ ಚರ್ಚೆ ಶುರುವಾಯಿತು. ಗಡಿ ಬಿಗಿಯಾಗಲೇಬೇಕು ಎನ್ನುವವರನ್ನೂ ನಾನು ಬಿಡುವವನಲ್ಲ. ಕದ್ದು ಬಂದವರಿಂದಾಗಿ ಸಾಲಿನಲ್ಲಿ ನಿಂತವರಿಗೆ ಅನ್ಯಾಯ ಎಂಬ ನಿಮ್ಮ ವಾದದಲ್ಲಿ ಹುರುಳಿರಬಹುದು. ಹಾಗಾದರೆ ಅದನ್ನು ಸಮಿತಿಯ ಮುಂದೆ ಹೋಗಿ ಹೇಳಿ. ಕಾನೂನು ಬೇಕು, ಆದರೆ ಪೊಲೀಸನ ಅನುಮಾನಕ್ಕೆ ಈ ಮಿತಿ ಬೇಕು, ವೀಸಾ ಇದ್ದವರಿಗೆ ಈ ರಕ್ಷಣೆ ಬೇಕು ಎಂದು ಕಲಮು ಹಿಡಿದು ಹೇಳಿ. ಮಸೂದೆ ಓದದೆ ಹಾಕುವ ಜೈಕಾರ, ಓದದೆ ಹಾಕುವ ಧಿಕ್ಕಾರ ಎರಡೂ ಕ್ಯಾಪಿಟಲ್‌ನ ಗೋಡೆ ದಾಟುವುದಿಲ್ಲ.

ಮುಂದಿನ ಅಧಿವೇಶನ 2027ರ ಜನವರಿ 12ಕ್ಕೆ ತೆರೆಯುತ್ತದೆ. ಮಸೂದೆಗಳ ಸಲ್ಲಿಕೆ ನವೆಂಬರ್‌ನಲ್ಲೇ ಶುರು. ಸಂಘಗಳ ಸಂಕ್ರಾಂತಿ ಕಾರ್ಯಕ್ರಮಕ್ಕೆ ಸಭೆಗಳು ನಡೆಯುವುದೂ ಅದೇ ಹೊತ್ತಿಗೆ. ಎಳ್ಳು ಬೆಲ್ಲ ಯಾರು ತರಬೇಕು, ನಾಟಕಕ್ಕೆ ಎಷ್ಟು ನಿಮಿಷ ಎಂಬುದರ ಜೊತೆಗೆ ಆಸ್ಟಿನ್‌ಗೆ ಕಾರು ಯಾರು ತೆಗೆಯುತ್ತಾರೆ ಎಂಬುದನ್ನೂ ಆ ಕಾರ್ಯಸೂಚಿಯಲ್ಲಿ ಬರೆದುಕೊಳ್ಳಿ.