ಬೀಗದ ಕೈ ಯಾರಲ್ಲಿದೆ?

ಪರರ ಕೈಸೇರಿದ ಧನವು ಬೇಕಾದ ವೇಳೆಗೆ ಒದಗಲಾರದೆಂಬ ಮಾತನ್ನು ನಮ್ಮಲ್ಲಿ ಪಾಠಶಾಲೆಯ ಬಾಲಕರೂ ಬಲ್ಲರು. ಹಣದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಜನರು ಕಡತ, ಲೆಕ್ಕ, ಪತ್ರವ್ಯವಹಾರಗಳ ವಿಷಯದಲ್ಲಿ ಮಾತ್ರ ಆ ಎಚ್ಚರವನ್ನು ಮರೆತಿರುವಂತೆ ಕಾಣುತ್ತದೆ. ಇಂದು ಕಚೇರಿಯ ಕಾಗದವೂ ವರ್ತಕನ ಖಾತೆಯೂ ಆಸ್ಪತ್ರೆಯ ರೋಗಿಗಳ ದಾಖಲೆಯೂ ಕಂಪ್ಯೂಟರನ್ನು ಸೇರಿವೆ. ಸೇರಿದುದು ತಪ್ಪಲ್ಲ, ಅದರಿಂದ ಆಗಿರುವ ಅನುಕೂಲವನ್ನು ಅಲ್ಲಗಳೆಯುವವರೂ ಇಲ್ಲ. ಆದರೆ ಆ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿ ತೂಗುತ್ತಿದೆಯೆಂದು ವಿಚಾರಿಸದೆ ಸೇರಿಸಿದುದು ತಪ್ಪು.

ಗುಜರಾತಿನ ವಾಡಿನಾರಿನಲ್ಲಿ ನಯಾರಾ ಎನರ್ಜಿ ಎಂಬ ಸಂಸ್ಥೆಗೆ ಸೇರಿದ ತೈಲ ಶುದ್ಧೀಕರಣದ ಕಾರ್ಖಾನೆ ಇದೆ. ವರ್ಷಕ್ಕೆ ಸುಮಾರು ೨ ಕೋಟಿ ಟನ್ ಕಚ್ಚಾ ತೈಲವನ್ನು ಶುದ್ಧಿಗೊಳಿಸುವ ಸಾಮರ್ಥ್ಯ ಅದಕ್ಕುಂಟು. ಸಂಸ್ಥೆಯ ಷೇರುಗಳಲ್ಲಿ ಅರ್ಧಕ್ಕೆ ತುಸು ಕಡಿಮೆ ಭಾಗವು ರಷ್ಯದ ರೋಸ್‌ನೆಫ್ಟ್ ಕಂಪನಿಯದು. ಈ ಕಾರಣದಿಂದ ೨೦೨೫ನೆಯ ಇಸವಿ ಜುಲೈ ೧೮ರಂದು ಐರೋಪ್ಯ ಒಕ್ಕೂಟವು ಅದನ್ನು ತನ್ನ ನಿರ್ಬಂಧಗಳ ಪಟ್ಟಿಗೆ ಸೇರಿಸಿತು. ನಾಲ್ಕೇ ದಿನಗಳಲ್ಲಿ, ಜುಲೈ ೨೨ರಂದು, ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯು ಆ ಸಂಸ್ಥೆಗೆ ಒದಗಿಸುತ್ತಿದ್ದ ಸೇವೆಯನ್ನು ನಿಲ್ಲಿಸಿತು. ನೌಕರರ ಇ-ಮೇಲ್ ನಿಂತಿತು. ಸಂಸ್ಥೆಯ ಕಾಗದಪತ್ರಗಳು ಸಂಸ್ಥೆಗೇ ಎಟುಕದಾದುವು. ಹಣವನ್ನು ಪೂರ್ತಿಯಾಗಿ ತೆತ್ತು ಪಡೆದ ಸೇವೆ ಇದೆಂದು ಸಂಸ್ಥೆಯು ದೆಹಲಿಯ ಹೈಕೋರ್ಟಿನ ಮೊರೆಹೊಕ್ಕಿತು. ತರುವಾಯ, ಜುಲೈ ೩೦ರ ವೇಳೆಗೆ, ಸೇವೆಯು ಮರಳಿತು.

ನಯಾರಾ ಸಂಸ್ಥೆಯ ಪರವಾಗಿ ವಕಾಲತ್ತು ವಹಿಸುವುದು ನಮ್ಮ ಉದ್ದೇಶವಲ್ಲ. ರಷ್ಯದ ಯುದ್ಧವನ್ನು ಕುರಿತು ವಾಚಕರಲ್ಲಿ ಭಿನ್ನಾಭಿಪ್ರಾಯಗಳಿರಬಹುದು, ಇರಲಿ. ಇಂಥ ಏಕಪಕ್ಷೀಯ ನಿರ್ಬಂಧಗಳನ್ನು ತಾನು ಒಪ್ಪುವುದಿಲ್ಲವೆಂದು ಭಾರತ ಸರಕಾರವು ಸ್ಪಷ್ಟವಾಗಿ ಸಾರಿತ್ತು. ಕಾರ್ಖಾನೆಯು ಭಾರತದ ನೆಲದಲ್ಲಿದೆ, ಸಂಸ್ಥೆಯು ಭಾರತದ ಕಾನೂನಿಗೆ ಒಳಪಟ್ಟಿದೆ. ಹೀಗಿದ್ದೂ ಯುರೋಪಿನಲ್ಲಿ ಆದ ತೀರ್ಮಾನಕ್ಕೆ, ಅಮೆರಿಕದ ಕಂಪನಿಯ ಕೈಯಿಂದ, ಗುಜರಾತಿನಲ್ಲಿ ಬಾಗಿಲು ಮುಚ್ಚಿತು. ನ್ಯಾಯವು ಎಂಟು ದಿನಗಳಲ್ಲಿ ದೊರೆತುದೇ ಭಾಗ್ಯವೆನ್ನಬೇಕು. ದೊಡ್ಡ ಸಂಸ್ಥೆಗೆ ದೆಹಲಿಯ ವಕೀಲರುಂಟು. ಒಂದು ಪುರಸಭೆಗೆ, ಒಂದು ಸಹಕಾರ ಸಂಘಕ್ಕೆ ಯಾರುಂಟು?

ಹಾಗಾದರೆ ಪರದೇಶದ ಸಾಮಗ್ರಿಯನ್ನು ಹೊರಗೆಸೆದು ಸ್ವದೇಶದ್ದನ್ನು ತಂದರೆ ಸಾಲದೆ ಎಂದು ಕೇಳುವವರುಂಟು. ಸ್ವದೇಶಿಯಲ್ಲಿ ನಮಗಿರುವ ಶ್ರದ್ಧೆ ಯಾರಿಗೂ ಕಡಿಮೆಯಾದುದಲ್ಲ. ಆದರೂ ಸಾಲದೆಂದೇ ಹೇಳಬೇಕಾಗಿದೆ. ೨೦೨೨ರ ನವೆಂಬರ್ ೨೩ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಎಂದರೆ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಅಲ್ಲಿ ನಡೆಯುತ್ತಿದ್ದ ಇ-ಹಾಸ್ಪಿಟಲ್ ತಂತ್ರಾಂಶವು ನಮ್ಮ ಸರಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರವೇ ರಚಿಸಿದುದು. ಐದು ಸರ್ವರುಗಳ, ಸುಮಾರು ೧.೩ ಟೆರಾಬೈಟ್‌ನಷ್ಟು ದಾಖಲೆಗಳನ್ನು ಕಳ್ಳರು ಗೂಢಲಿಪಿಗೆ ತಿರುಗಿಸಿ ಓದಲಾಗದಂತೆ ಮಾಡಿದರು. ಅನೇಕ ದಿನಗಳ ಕಾಲ ಚೀಟಿ ಬರೆಯುವುದೂ ರೋಗಿಯನ್ನು ಸೇರಿಸಿಕೊಳ್ಳುವುದೂ ಕೈಬರಹದಿಂದಲೇ ನಡೆದುವು. ಆಸ್ಪತ್ರೆಯ ಒಳಜಾಲವನ್ನು ಸರಿಯಾಗಿ ವಿಂಗಡಿಸದೆ ಬಿಟ್ಟುದೇ ಇದಕ್ಕೆ ಕಾರಣವೆಂದು ಸರಕಾರವು ಪಾರ್ಲಿಮೆಂಟಿಗೆ ತಿಳಿಸಿತು. ಒಂದು ಕೋಣೆಗೆ ಹೊಕ್ಕವನು ಇಡೀ ಮನೆಯನ್ನು ಸುತ್ತಬಹುದಾಗಿತ್ತೆಂದು ಇದರ ಅರ್ಥ. ಆದರೂ ದಾಖಲೆಗಳು ಉಳಿದುವು. ಹೇಗೆಂದರೆ, ಕಳ್ಳರ ಕೈಗೆ ಸಿಕ್ಕದ ಮತ್ತೊಂದು ಸರ್ವರಿನಲ್ಲಿ ಅವುಗಳ ಪ್ರತಿ ಇತ್ತು. ಆಸ್ಪತ್ರೆಯ ಮಾನವನ್ನು ಕಾಪಾಡಿದುದು ಆ ಒಂದು ಪ್ರತಿ.

ಮೂರನೆಯ ಬಗೆಯ ಬೀಗವೊಂದುಂಟು. ಅದನ್ನು ಯಾರೂ ದ್ವೇಷದಿಂದ ಹಾಕುವುದಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ಅಕ್ಷರಜೋಡಣೆಯ ತಂತ್ರಾಂಶಗಳು ತಮತಮಗೆ ತೋರಿದ ಸಂಕೇತಗಳಲ್ಲಿ ಬರೆಹವನ್ನು ಇಡುತ್ತಿದ್ದುವು. ಆಯಾ ಫಾಂಟ್ ಇಲ್ಲದೆ ತೆರೆದರೆ ಕನ್ನಡಕ್ಕೆ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ನಮ್ಮ ಮುದ್ರಣಾಲಯದಲ್ಲಿಯೇ ಹಳೆಯ ವರ್ಷಗಳ ಪುಟಗಳು ಇಂಥ ಸ್ಥಿತಿಯಲ್ಲಿವೆ. ನಾವೇ ಬರೆದ ಸಂಪಾದಕೀಯವನ್ನು ನಾವೇ ಓದಬೇಕಾದರೆ ರಟ್ಟು ಕಟ್ಟಿಸಿಟ್ಟ ಕಾಗದದ ಸಂಪುಟವೇ ಗತಿ. ಪರದೇಶದವರು ಮುಚ್ಚಲಿಲ್ಲ, ಕಳ್ಳರು ಕದಿಯಲಿಲ್ಲ. ನಮ್ಮ ನುಡಿಯೇ ನಮ್ಮ ಮನೆಯಲ್ಲಿ ಬೀಗದೊಳಗೆ ಬಿದ್ದಿತು.

ಆದುದರಿಂದ ಸ್ವದೇಶಿಯೋ ಪರದೇಶಿಯೋ ಎಂಬುದು ಎರಡನೆಯ ಪ್ರಶ್ನೆ. ಬೀಗದ ಕೈ ನಮ್ಮಲ್ಲಿದೆಯೇ ಎಂಬುದು ಮೊದಲನೆಯದು. ಕರಾರುಪತ್ರಕ್ಕೆ ಸಹಿ ಮಾಡುವ ಪ್ರತಿಯೊಬ್ಬ ಅಧಿಕಾರಿಯೂ ಮೂರು ಮಾತುಗಳನ್ನು ಕೇಳಲಿ. ದಾಖಲೆಗಳ ಪೂರ್ಣ ಪ್ರತಿಯು ಜಾಲದಿಂದ ಬೇರ್ಪಟ್ಟು ನಮ್ಮ ವಶದಲ್ಲಿರುವುದೇ, ಅದರಿಂದ ಕೆಲಸವನ್ನು ಮತ್ತೆ ನಡೆಸಬಹುದೆಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವರೇ? ಬೇರೆ ತಂತ್ರಾಂಶವೂ ಓದಬಲ್ಲ ಬಹಿರಂಗವಾದ ನಮೂನೆಯಲ್ಲಿ ಅವು ಇರುವುವೇ? ನಾಳೆ ಈ ಕಂಪನಿಯು ಸೇವೆಯನ್ನು ನಿಲ್ಲಿಸಿದರೆ ಎಷ್ಟು ದಿನಗಳಲ್ಲಿ ಬೇರೆಡೆಗೆ ಹೋಗಬಲ್ಲೆವು?

ಇದು ಆಗದ ಮಾತೆಂದು ಹೇಳುವವರು ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದ ಕಡೆಗೆ ನೋಡಬಹುದು. ಆ ಸರಕಾರವು ೨೦೨೪ರಲ್ಲಿ ಸುಮಾರು ೩೦ ಸಾವಿರ ಕಂಪ್ಯೂಟರುಗಳನ್ನು ಲಿಬ್ರೆಆಫೀಸ್ ಮೊದಲಾದ ಮುಕ್ತ ತಂತ್ರಾಂಶಗಳಿಗೆ, ಎಂದರೆ ಒಳರಚನೆಯನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶಗಳಿಗೆ, ಬದಲಾಯಿಸಲು ನಿಶ್ಚಯಿಸಿತು. ೨೦೨೫ರ ಅಕ್ಟೋಬರಿನಲ್ಲಿ ೪೦ ಸಾವಿರಕ್ಕೂ ಮಿಕ್ಕ ಇ-ಮೇಲ್ ಪೆಟ್ಟಿಗೆಗಳ ವರ್ಗಾವಣೆಯನ್ನು ಮುಗಿಸಿತು. ದಾರಿಯಲ್ಲಿ ತೊಡಕುಗಳಿರಲಿಲ್ಲವೆಂದಲ್ಲ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವು ಬಹು ವರ್ಷಗಳಿಂದ ಬಳಕೆಯಲ್ಲಿದೆ.

ನಮ್ಮ ನಾಡಿನಲ್ಲಿ ‘ಭೂಮಿ’ ಯೋಜನೆಯ ಫಲವಾಗಿ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿ ಎರಡು ದಶಕಗಳು ಕಳೆದುವು. ಶಾನುಭೋಗರ ಕಾಲದ ಕಿರುಕುಳಗಳು ಅದರಿಂದ ಎಷ್ಟೋ ನಿಂತುವೆಂಬುದು ನಿಜ. ಆದರೆ ಒಕ್ಕಲಿಗನ ಹೊಲವು ಅವನದೆಂಬುದಕ್ಕೆ ಸಾಕ್ಷಿಯು ಈಗ ಯಂತ್ರದೊಳಗಿದೆ. ಪಿಂಚಣಿಯೂ ಪಡಿತರವೂ ಅದೇ ಹಾದಿಯಲ್ಲಿ ನಡೆದಿವೆ. ಆ ಸಾಕ್ಷಿಯನ್ನು ಕಾಯುವ ಹೊಣೆಯನ್ನು ಗುತ್ತಿಗೆದಾರನಿಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ಅಧಿಕಾರಿಗಳಿಗೆ ತಕ್ಕುದಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಬಾಗಿಲು ಇನ್ನೂ ನಮ್ಮ ಕೈಯಲ್ಲಿರುವಾಗಲೇ ಬೀಗವನ್ನು ಪರೀಕ್ಷಿಸಿ, ಅದರ ಕೈಯನ್ನು ನಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ವಿವೇಕ.